ಹಣ್ಣಾಗದ ನಾಲಿಗೆ

‘ಅವನ ನಾಲಿಗೆ ಇನ್ನೂ ಹಣ್ಣಾಗಿಲ್ಲ’ ಎಂದು ತುರ್ಸುನ್ ಉಸ್ತಾದರು ಛತ್ರದವರಿಗೆ ಹೇಳಿ ಕಳಿಸಿದ್ದಾರೆಂಬ ಸುದ್ದಿ ಮುಟ್ಟಿದಾಗ ಓಯ್ಬೆಕ್ ಮರುದಿನದ ಮದುವೆಗೆ ಗಜ್ಜರಿ ಹೆಚ್ಚುತ್ತಿದ್ದ. ಕತ್ತಿ ಬೆರಳಿಗೆ ತಾಗಿತು.

ನಮಂಗಾನ್ ಪಟ್ಟಣದ ಮದುವೆ ಛತ್ರಕ್ಕೆ ಮುಖ್ಯ ಬಾಣಸಿಗ ಬೇಕಾಗಿತ್ತು. ಛತ್ರದವರು ಓಯ್ಬೆಕನ ಪಲಾವು ಉಂಡು ಮೆಚ್ಚಿಯೂ ಆಗಿತ್ತು. ಆದರೆ ಗುರು ಸೊಂಟಕ್ಕೆ ಶಲ್ಯ ಕಟ್ಟಿ ಹರಸದ ಹೊರತು ಶಿಷ್ಯ ಸ್ವಂತ ಕೊಪ್ಪರಿಗೆ ಇಡುವಂತಿಲ್ಲ. ಇಟ್ಟರೂ ಅದರ ಅನ್ನ ಯಾರೂ ಮುಟ್ಟುವುದಿಲ್ಲ.

ಉಸ್ತಾದರ ಕೈಕೆಳಗೆ ಸೇರಿ ಒಂಬತ್ತು ವರ್ಷ. ಅವನ ನಂತರ ಸೇರಿದ ಇಬ್ಬರು ಶಲ್ಯ ಕಟ್ಟಿಸಿಕೊಂಡು ಹೋಗಿದ್ದರು. ಅವರಲ್ಲೊಬ್ಬನಿಗೆ ಹಳಸಿದ ಕೊಬ್ಬಿಗೂ ತಾಜಾ ಕೊಬ್ಬಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ತಮ್ಮ ಸೋದರಳಿಯನಿಗೆಂದು ಉಸ್ತಾದರು ಛತ್ರದ ಜಾಗ ಕಾದಿರಿಸುತ್ತಿದ್ದಾರೆ ಎಂದು ಊರು ಆಡಿಕೊಳ್ಳುತ್ತಿತ್ತು. ಹೆಂಡತಿ ಸಬೋಹತ್ ಅವನ ಬೆರಳಿಗೆ ಬಟ್ಟೆ ಸುತ್ತುತ್ತಾ ಒಂದೇ ಮಾತು ಹೇಳಿದಳು. "ಚೆನ್ನಾಗಿ ದುಡಿಯೋ ಕತ್ತೆಯ ಹಗ್ಗ ಯಾರು ಬಿಚ್ತಾರೆ ಹೇಳಿ?"

ಓಯ್ಬೆಕನಿಗೆ ನಂಬಲಾಗಲಿಲ್ಲ. ಬೇರೆ ಉಸ್ತಾದರು ತಾವೇ ರುಚಿ ನೋಡಿ ಶಿಷ್ಯರನ್ನು ಬೈಯುತ್ತಾರೆ. ಇವರು ಹಾಗಲ್ಲ. ನಾಲ್ಕು ವರ್ಷದ ಹಿಂದೆ ಕೆಟ್ಟ ಜ್ವರದಿಂದ ಎದ್ದು ಬಂದವರು ಅವನೊಬ್ಬನಿಗೇ ಹೊಸ ಪಾಠ ಶುರುಮಾಡಿದ್ದರು. ‘ಮೊದಲು ನೀನು ರುಚಿ ನೋಡು, ಏನಿದೆ ಏನಿಲ್ಲ ಬಾಯಿಬಿಟ್ಟು ಹೇಳು’ ಎನ್ನುವರು. ಅವನು ಹೇಳಿದ ಮೇಲೆ ತಾವೊಂದು ಗುಟುಕು ಕುಡಿದು ತಲೆಯಾಡಿಸುವರು. ಹೆತ್ತ ಮಗನಿಗೂ ಯಾರೂ ಇಷ್ಟು ತಾಳ್ಮೆಯಿಂದ ಕಲಿಸುವುದಿಲ್ಲವೆಂದು ಅವನು ಹೆಮ್ಮೆಪಟ್ಟಿದ್ದ.

ಹಾಗಾದರೆ ಕೊರತೆ ತನ್ನಲ್ಲೇ ಇರಬೇಕು. ಅವನು ಮನೆಯಲ್ಲಿ ಏಳು ಬಟ್ಟಲು ನೀರಿಗೆ ಏಳು ಹದದ ಉಪ್ಪು ಬೆರೆಸಿ, ಕಣ್ಣು ಮುಚ್ಚಿಕೊಂಡು ಗುರುತಿಸಿದ. ಮೂರು ಸಲವೂ ಒಂದೂ ತಪ್ಪಲಿಲ್ಲ. ಸುಳ್ಳಾಡುತ್ತಿರುವುದು ತನ್ನ ನಾಲಿಗೆಯೋ ಉಸ್ತಾದರ ಮಾತೋ, ಅವನಿಗೆ ತಿಳಿಯಲೇಬೇಕಿತ್ತು.

ಮರುದಿನ ಬೆಳಗಿನ ನಮಾಜಿನ ಹೊತ್ತಿಗೆ ಮದುವೆ ಮನೆಯ ಅಂಗಳದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ನಾನೂರು ಜನ ಮಸೀದಿಯಿಂದ ನೇರ ಊಟಕ್ಕೆ ಬರುವವರಿದ್ದರು. ಅಕ್ಕಿ ಸುರಿಯುವ ಮುಂಚೆ ಮಾಂಸದ ರಸ ಮುಖ ಕಿವುಚುವಷ್ಟು ಉಪ್ಪಾಗಿರಬೇಕು. ಹೆಚ್ಚಾದದ್ದನ್ನು ಅಕ್ಕಿ ಕುಡಿಯುತ್ತದೆ. ಓಯ್ಬೆಕ್ ಉಪ್ಪಿನ ಬಟ್ಟಲು ಎತ್ತಿಕೊಂಡು ಕೊಪ್ಪರಿಗೆಯ ಮೇಲೆ ಬಾಗಿದ. ಹಬೆ ಮುಖಕ್ಕೆ ಬಡಿಯಿತು. ಬಟ್ಟಲಿಗೆ ಮುಚ್ಚಳ ಹಾಕಿ ಕೆಳಗಿಟ್ಟು, ಸೌಟಿನಲ್ಲಿ ರುಚಿ ನೋಡಿದ.

ಉಸ್ತಾದರು ಪಕ್ಕಕ್ಕೆ ಬಂದು ನಿಂತರು. "ಏನನ್ನುತ್ತೆ ನಿನ್ನ ನಾಲಿಗೆ?"

"ಉಪ್ಪು ಒಂಚೂರು ಜಾಸ್ತಿ ಆಯ್ತೇನೋ, ಉಸ್ತಾದ್."

ಉಸ್ತಾದರು ಸೌಟು ತೆಗೆದುಕೊಂಡು, ಊದಿ, ಒಂದು ಗುಟುಕು ಕುಡಿದರು. ಮುಖ ಕಿವುಚಿದರು.

"ಹ್ಞೂಂ, ಜಾಸ್ತೀನೇ. ಹೆದರಬೇಡ, ಅಕ್ಕಿ ಕುಡಿಯುತ್ತೆ."

"ನನಗೆ ಶಲ್ಯ ಯಾವಾಗ ಕಟ್ತೀರಿ?"

ಉಸ್ತಾದರು ಅವನ ಬೆನ್ನು ತಟ್ಟಿದರು. "ಇನ್ನೊಂದು ವರ್ಷ ನನ್ನ ಜೊತೆಗಿರು, ಮಗಾ. ನಿನ್ನ ನಾಲಿಗೆ ಹಣ್ಣಾಗಲಿ" ಎಂದು ಅಕ್ಕಿ ತರಲು ತಿರುಗಿದರು.

ಓಯ್ಬೆಕ್ ಬಟ್ಟಲಿನ ಮುಚ್ಚಳ ತೆಗೆದ. ಉಪ್ಪು ಅಂಚಿನವರೆಗೂ ತುಂಬಿತ್ತು. ಒಂದು ಹರಳೂ ಕೊಪ್ಪರಿಗೆಗೆ ಬಿದ್ದಿರಲಿಲ್ಲ.