ಬೋರಲು ಹಂಡೆ

ಗುಲಾಮರ ಮೇಲೆ ಕಣ್ಣಿಡುವ ಗಸ್ತಿನ ಬಿಳಿಯ ಟಾಲಿವರ್ ಕುದುರೆಯಿಂದಿಳಿದವನೇ ಗುಡಿಸಲ ಬಾಗಿಲಲ್ಲಿ ಬೋರಲು ಹಾಕಿದ್ದ ಕಬ್ಬಿಣದ ಹಂಡೆಯ ಮೇಲೆ ಕೂತೇಬಿಟ್ಟ. ಹತ್ತಿ ತೋಟದ ಗುಲಾಮರು ಗುಟ್ಟಾಗಿ ಪ್ರಾರ್ಥಿಸುವಾಗ ಹಾಗೆ ಬೋರಲು ಹಾಕುತ್ತಾರೆ; ದನಿಯನ್ನು ಹಂಡೆ ನುಂಗಿಕೊಳ್ಳುತ್ತದೆಂಬ ನಂಬಿಕೆ. ಅಂದು ಅದರಡಿ ಒಂದು ಪುಸ್ತಿಕೆಯೂ ಇತ್ತು: ಗುಲಾಮಗಿರಿ ತೊಲಗಲೆಂದು ಅಮೆರಿಕದ ಉತ್ತರ ರಾಜ್ಯಗಳವರು ಅಚ್ಚು ಹಾಕಿಸಿದ್ದು. ಓದುತ್ತಿದ್ದ ಹುಡುಗಿ ಡಾರ್ಕಸ್ ಗೊರಸಿನ ಸದ್ದು ಕೇಳಿ ಅಲ್ಲಿಗೇ ತುರುಕಿದ್ದಳು. ಸಿಕ್ಕರೆ ಬೆನ್ನ ಚರ್ಮ ಉಳಿಯುತ್ತಿರಲಿಲ್ಲ.

"ಒಳಗೆ ಅದೇನೇ ಮುದುಕಿ ಗುಸುಗುಸು?"

"ನಿಮ್ಮ ಆರೋಗ್ಯಕ್ಕೇ ಬೇಡ್ಕೋತಿದ್ವಿ ಧಣಿ," ಎಂದಳು ಡಾರ್ಕಸ್‌ಳ ಅಜ್ಜಿ ಕೆಸಾಯಾ.

ಅವನು ನಕ್ಕ. ಕೂತಲ್ಲಿಂದಲೇ ಕೋವಿಯ ತುದಿಯಿಂದ ಹಾಸಿಗೆಯ ಹುಲ್ಲು ಕೆದಕಿದ, ಬೂಟು ಕಳಚಿ ಮರಳು ಕೊಡವಿದ, ಅಜ್ಜಿ ಕೊಟ್ಟ ಮೆಕ್ಕೆಜೋಳದ ರೊಟ್ಟಿ ಮುಗಿಯುವವರೆಗೂ ಕದಲಲಿಲ್ಲ. ಕೊನೆಗೆ ತೇಗಿ, ಎದ್ದು, ಕುದುರೆ ಹತ್ತಿ ಹೊರಟುಹೋದ.

ಡಾರ್ಕಸ್ ಒಲೆಯ ಕೆಂಡ ಕೆದಕಿದಳು. "ಅಜ್ಜೀ, ಸುಟ್ಟಾಕಿಬಿಡೋಣ ಅದನ್ನ."

ಕೆಸಾಯಾ ಹಂಡೆ ಎತ್ತಿದಳು. ಅದರ ತಳ ಇನ್ನೂ ಬೆಚ್ಚಗಿತ್ತು. ಪುಸ್ತಿಕೆಯ ಮಣ್ಣು ಒರೆಸುತ್ತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಹುಚ್ಚೀ, ಇಷ್ಟು ಹೊತ್ತು ಧಣಿಯೇ ಕೋಳಿ ಥರ ಕಾವಿಗೆ ಕೂತಿದ್ದ. ಮರಿಯಾಗದೆ ಇರುತ್ತಾ? ಓದು ಮುಂದೆ."