ಅಕ್ಕನ ಸರದಿ

ಗುಣಪಾಲ ಗಡ್ಡ ಬೋಳಿಸಿಕೊಂಡು, ತಲೆ ಬಾಚಿಕೊಂಡು ಬಚ್ಚಲಿನಿಂದ ಹೊರಬಂದದ್ದನ್ನು ಕಂಡು ಮೋಹಿನಿಗೆ ಪಿತ್ತ ನೆತ್ತಿಗೇರಿತು. "ಗಡ್ಡ ತೆಗೆಯಬೇಡ ಅಂತ ನಿನ್ನೆಯೇ ಹೇಳಿದ್ದೆನಲ್ಲ ಗುಣ! ಮದುಮಗನ ಹಾಗೆ ಹೋಗಿ ಕೂತರೆ ನಿನಗೆ ಕಾಯಿಲೆ ಉಂಟು ಅಂತ ಯಾರು ನಂಬುತ್ತಾರೆ?"

"ಹೊರಗೆ ಹೋಗುವಾಗ ಗಡ್ಡ ತೆಗೆಯಬೇಕು ಅಂತ ಆಶ್ರಮದಲ್ಲಿ ಅಭ್ಯಾಸ ಮಾಡಿಸಿದ್ದಾರಲ್ವಾ ಅಕ್ಕ," ಎಂದ ತಮ್ಮ, ತಪ್ಪು ಮಾಡಿದವನಂತೆ.

ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುವ ಮೋಹಿನಿಗೆ ಇದ್ದದ್ದು ಇವನೊಬ್ಬನೇ. ಬೋಟಿಗೆ ಹೋಗುತ್ತಿದ್ದವನು ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನತೊಡಗಿ, ಒಂದು ದಿನ ಮನೆ ಬಿಟ್ಟೇ ಹೋದ. ಹೆಬ್ರಿಯ ಬಸ್ ಸ್ಟ್ಯಾಂಡಿನಲ್ಲಿ ಎಂಜಲು ಹೆಕ್ಕಿ ತಿನ್ನುತ್ತಿದ್ದವನನ್ನು ಕಾರ್ಕಳದ ಕಡೆಯ ಒಂದು ಆಶ್ರಮದವರು ಕರೆದುಕೊಂಡು ಹೋಗಿ, ಮೀಯಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಮಾಡಿಸಿ, ಮಾತು ತಿಳಿಯಾದ ಮೇಲೆ ಮನೆ ಹುಡುಕಿ ತಂದು ಬಿಟ್ಟಿದ್ದರು. ಮಾತ್ರೆ ಈಗಲೂ ಸರ್ಕಾರದಿಂದ ಬಿಟ್ಟಿಯಾಗಿಯೇ ಸಿಗುತ್ತದೆ. ಅಂಗವಿಕಲರ ಕಾರ್ಡ್ ಒಂದು ಆದರೆ ಮಾಸಾಶನವೂ ಬರುತ್ತದೆ, ಇವನಿಗೆ ಕೆಲಸಕ್ಕೆ ಹೋಗಲು ಕೂಡದ ದಿನ ಮನೆ ನಡೆಯುತ್ತದೆ ಎಂದು ಆಶ್ರಮದ ಜೋಸ್ಲಿನ್ ಮೇಡಮ್ಮೇ ಓಡಾಡಿ, ಉಡುಪಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡಿನ ತಪಾಸಣೆಗೆ ಇವತ್ತಿನ ದಿನ ಗೊತ್ತು ಮಾಡಿಕೊಟ್ಟಿದ್ದರು.

ಉಡುಪಿಯ ಬಸ್ಸಿನಲ್ಲಿ ಮೋಹಿನಿ ಅವನ ಕಿವಿಯ ಹತ್ತಿರ ಬಗ್ಗಿ ಮತ್ತೊಮ್ಮೆ ಹೇಳಿದಳು. "ಅವರು ಎಂತ ಕೇಳಿದರೂ ನೀನು ಬಾಯಿ ಬಿಡಬೇಡ. ಮಾತಾಡುವುದು ನಾನು." ಅವನು ಕಿಟಕಿಯ ಹೊರಗೆ ನೋಡುತ್ತಲೇ ಆಯಿತು ಎಂದು ತಲೆಯಾಡಿಸಿದ.

ಆಸ್ಪತ್ರೆಯ ಕೋಣೆಯಲ್ಲಿ ಕುಳಿತಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ಪ್ರಾಯದವರು. "ಹೇಳಿ," ಎಂದದ್ದೇ ತಡ, ಮೋಹಿನಿ ಶುರು ಮಾಡಿದಳು. ಹೇಳಬೇಕೆಂದುಕೊಂಡದ್ದು ಸ್ವಲ್ಪ, ಬಂದದ್ದು ಎಲ್ಲವೂ. ಮಾರಾಟಕ್ಕೆ ತಂದ ಮೀನನ್ನು ಬುಟ್ಟಿ ಸಮೇತ ಬಾವಿಗೆ ಎಸೆದದ್ದು, ಬಟ್ಟೆ ಹರಿದುಕೊಂಡು ಹೆದ್ದಾರಿಯಲ್ಲಿ ನಿಂತದ್ದು, ಊರಿನವರು ಅಂಗಳಕ್ಕೆ ಬರುವುದು ಬಿಟ್ಟದ್ದು. ಅನ್ನದಲ್ಲಿ ವಿಷ ಹಾಕಿದ್ದೀ ಎಂದು ಅವಳ ಕುತ್ತಿಗೆಗೆ ಕೈ ಹಾಕಿದ್ದನ್ನೂ ಹೇಳಿಬಿಟ್ಟಳು. "ಪಕ್ಕದ ಮನೆಯವರು ಓಡಿ ಬರದಿದ್ದರೆ ಅವತ್ತು ನಾನು ಉಳಿಯುತ್ತಿರಲಿಲ್ಲ ಡಾಕ್ಟ್ರೇ."

ಅಷ್ಟು ಹೇಳಿ ಉಸಿರು ತೆಗೆದುಕೊಂಡಾಗ ತಮ್ಮ ತನ್ನನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು.

"ಇದನ್ನು ನೀನು ನನಗೆ ಹೇಳಿರಲಿಲ್ಲ ಅಕ್ಕ."

"ಹೇಳಿ ಎಂತ ಮಾಡುವುದು ಮಾರಾಯ?" ಎಂದಳು ಮೋಹಿನಿ. "ಅದು ನೀನಲ್ಲ ಅಲ್ವಾ."

ಡಾಕ್ಟರಮ್ಮ ಗುಣಪಾಲನ ಕಡೆಗೆ ತಿರುಗಿದರು. "ಈಗ ಹೇಗಿದ್ದೀರಿ?" ಅವನು ಅಕ್ಕನ ಮುಖ ನೋಡಿದ, ಮೋಹಿನಿಗೆ ಬೇಡ ಅನ್ನುವ ಬಲವೂ ಉಳಿದಿರಲಿಲ್ಲ. ಅವನು ಮೆಲ್ಲನೆ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದ. ಬಲೆ ರಿಪೇರಿಗೆ ಹೋಗುತ್ತೇನೆ. ಕೆಲವು ದಿನ ಆಗುವುದಿಲ್ಲ, ಕೈ ನಡುಗುತ್ತದೆ, ಕೂತಲ್ಲೇ ನಿದ್ದೆ ಬರುತ್ತದೆ. ಕಿವಿಯಲ್ಲಿ ಮಾತಾಡುವವರು ಪೂರ್ತಿ ಹೋಗಿಲ್ಲ, ದೂರ ಕೂತಿದ್ದಾರೆ. ಮಾತ್ರೆ ಬಿಟ್ಟರೆ ಹತ್ತಿರ ಬರುತ್ತಾರೆ ಅಂತ ಗೊತ್ತುಂಟು, ಹಾಗಾಗಿ ಬಿಡುವುದಿಲ್ಲ.

ಇಷ್ಟು ನೆಟ್ಟಗೆ ಮಾತಾಡಿದ ಮೇಲೆ ಕಾರ್ಡ್ ಹೋದಂತೆಯೇ ಎಂದುಕೊಂಡಳು ಮೋಹಿನಿ. "ಇವತ್ತು ಮಾತ್ರ ಹೀಗೆ ಡಾಕ್ಟ್ರೇ, ದಿನಾ ಹೀಗಿರುವುದಿಲ್ಲ," ಎಂದಳು ಗಡಬಡಿಸಿ.

ಡಾಕ್ಟರಮ್ಮ ನಕ್ಕರು. "ಹೆದರಬೇಡಿ. ಅವರು ಸರಿ ಕಾಣುವುದು ಮದ್ದು ಕೆಲಸ ಮಾಡುತ್ತಿರುವುದರಿಂದ, ಕಾಯಿಲೆ ಇಲ್ಲ ಅಂತಲ್ಲ. ಕಾರ್ಡ್ ಕೊಡಬೇಕಾದರೆ ಅವರು ಹಾಳಾಗಿಯೇ ಕಾಣಬೇಕು ಅಂತ ನಿಮಗೆ ಯಾರು ಹೇಳಿದರು? ನಾನು ಶಿಫಾರಸು ಮಾಡುತ್ತೇನೆ."

ಮೋಹಿನಿ ಕೈಮುಗಿದು ಎದ್ದಳು. ಗುಣಪಾಲ ಏಳಲಿಲ್ಲ.

"ಡಾಕ್ಟ್ರೇ, ಅಕ್ಕ ನಿದ್ದೆ ಮಾಡುವುದಿಲ್ಲ," ಎಂದ. "ನಾನು ಮಗ್ಗುಲು ಬದಲಾಯಿಸಿದರೂ ಎದ್ದು ಕೂರುತ್ತಾಳೆ. ಮೀನು ಕತ್ತರಿಸುವ ಕತ್ತಿಯನ್ನು ದಿನಾ ಸಂಜೆ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾಳೆ. ನನಗೆ ಗೊತ್ತಿಲ್ಲ ಅಂತ ತಿಳಿದುಕೊಂಡಿದ್ದಾಳೆ. ಯಾಕೆ ಅಂತ ನನಗೂ ಇವತ್ತೇ ಗೊತ್ತಾದದ್ದು."

ಮೋಹಿನಿ ನಿಂತಲ್ಲೇ ನಿಂತಳು. ಕೆನ್ನೆಯಲ್ಲಿ ಇಳಿದದ್ದನ್ನು ಒರೆಸಿಕೊಳ್ಳಬೇಕು ಎಂದೂ ಅವಳಿಗೆ ಹೊಳೆಯಲಿಲ್ಲ. ಮನೆಯಲ್ಲಿ ಆಗಲಿ, ಮಾರ್ಕೆಟಿನಲ್ಲಿ ಆಗಲಿ, ಸಿಕ್ಕವರೆಲ್ಲ ಕೇಳುತ್ತಿದ್ದದ್ದು ತಮ್ಮ ಹೇಗಿದ್ದಾನೆ ಎಂದೇ.

ಡಾಕ್ಟರಮ್ಮ ಕುರ್ಚಿ ತೋರಿಸಿದರು. "ಕೂತುಕೊಳ್ಳಿ ಅಮ್ಮ. ನೀವು ಹೇಗಿದ್ದೀರಿ, ಹೇಳಿ."

"ನನಗೆಂತ ಆಗಿದೆ?" ಮೋಹಿನಿ ಸೆರಗು ಸರಿಮಾಡಿಕೊಂಡು ನಗಲು ನೋಡಿದಳು. "ನನಗೆ ಏನೂ ಇಲ್ಲ. ನಾನು ಸರಿಯಾಗಿಯೇ ಇದ್ದೇನೆ."

ಗುಣಪಾಲ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ಮೊದಮೊದಲು ನಾನೂ ಹೀಗೇ ಹೇಳುತ್ತಿದ್ದೆ ಅಕ್ಕ."