ಎರಡನೆಯ ತುತ್ತು

ಇಂದಿಗೂ ಹುಳಿ ಬಂದ ಹಿಟ್ಟಿನ ವಾಸನೆ ಬಂದರೆ ಗಲ್ಫಿನ ಮಿರ್ದಿಫ್‌ನಲ್ಲಿದ್ದ ನಮ್ಮ ಫ್ಲ್ಯಾಟಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ಅಮ್ಮನ ಮದುವೆಯಾಗಿ ಒಂಬತ್ತು ವರ್ಷ ಕಳೆದ ಮೇಲೆ ಅಜ್ಜಿ ಉಡುಪಿಯಿಂದ ಮೊದಲ ಸಲ ಬಂದಿದ್ದರು, ಇಥಿಯೋಪಿಯಾದ ಸೊಸೆಯ ಮುಖ ನೋಡಲು. ಬಂದವರು ನನ್ನ ಗುಂಗುರು ಕೂದಲಿಗೆ ಎಣ್ಣೆ ಹಚ್ಚಿದರೇ ಹೊರತು ಅಮ್ಮನ ಜೊತೆ ಹೆಚ್ಚು ಮಾತಾಡಿರಲಿಲ್ಲ.

ಅಮ್ಮ ಮೂರು ದಿನ ಹಿಟ್ಟು ಹುಳಿ ಬರಿಸಿ, ಮೈತುಂಬ ತೂತಿರುವ ಅಗಲವಾದ ಇಂಜೆರಾ ಹುಯ್ದಿದ್ದಳು. ನಾವು ಮೂವರೂ ಅವಳ ಊರಿನಂತೆ ಒಂದೇ ದೊಡ್ಡ ತಟ್ಟೆಯಲ್ಲಿ ಉಣ್ಣುವವರು; ಅಪ್ಪ ಹೇಳಿದಂತೆ ಅಜ್ಜಿಗೆ ಬೇರೆ ತಟ್ಟೆ.

"ನಮ್ಮ ದೋಸೆಯ ಹಾಗೇ ಉಂಟಲ್ಲ!" ಎಂದರು ಅಜ್ಜಿ.

ಆ ಒಂದು ಮಾತಿಗೇ ಹಿಗ್ಗಿದ ಅಮ್ಮ, ತನ್ನ ಊರಲ್ಲಿ ಹಿರಿಯರಿಗೆ ಮಾಡುವಂತೆ, ಉಣ್ಣುತ್ತಿದ್ದ ಕೈಯಿಂದಲೇ ತುತ್ತು ಸುತ್ತಿ ಅಜ್ಜಿಯ ಬಾಯಿಗೆ ಹಿಡಿದಳು.

ಎಂಜಲು ಕೈ! ನೀರಿನ ಲೋಟವನ್ನೂ ತುಟಿಗೆ ತಾಗಿಸದ ಅಜ್ಜಿ ಅವರು. ಅಪ್ಪ ಅರ್ಧ ಎದ್ದೇಬಿಟ್ಟ. "ಅಮ್ಮಾ, ಅದು ಅವರ ಕ್ರಮ..."

ಅಜ್ಜಿ ತುತ್ತು ಹಿಡಿದ ಆ ಕಪ್ಪು ಬೆರಳುಗಳನ್ನು ನೋಡಿದರು. ಬಾಯಿ ತೆರೆದರು. ನಿಧಾನವಾಗಿ ಅಗಿದು ನುಂಗಿದರು.

"ನೀನು ಕೂತ್ಕೊ ಮಾರಾಯ" ಎಂದು ಅಪ್ಪನನ್ನು ಗದರಿ, ಅಮ್ಮನ ಕಡೆ ತಿರುಗಿದರು. "ಒಂದೇ ತುತ್ತು ಕೊಡ್ಲಿಕ್ಕಿಲ್ಲ ಮಗಾ. ಇನ್ನೊಂದು ಕೊಡು."

ಅಮ್ಮನ ಊರಲ್ಲೂ ಒಂದೇ ತುತ್ತು ಕೊಡುವ ಹಾಗಿಲ್ಲ. ಅವಳ ಕೈ ಆಗಲೇ ಎರಡನೆಯದನ್ನು ಸುತ್ತುತ್ತಿತ್ತು.